ಆ ಮನೆಯೊಳಗೆ ಜನ ಇದ್ದರು

ಗೇರುಬೀಜ ಹುರಿಯುವ ಹೊಗೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಕುಂದಾಪುರದಲ್ಲಿ ಬಸ್ಸಿನ ಕಿಟಕಿಯಿಂದ ಅದೇ ವಾಸನೆ ಬಂತು. ಪಕ್ಕದಲ್ಲಿದ್ದವಳು ಮೂಗಿಗೆ ಸೆರಗು ಹಿಡಿದಳು, ನಾನು ಹಲ್ಲು ಕಚ್ಚಿ ಕೂತೆ. ಗೇರುಬೀಜದ ತಪ್ಪೇನೂ ಇಲ್ಲ. ಆ ಸಿನಿಮಾ ತೋರಿಸಿದ್ದು ಬೀಜದ ಕಾರ್ಖಾನೆಯ ಅಂಗಳದಲ್ಲಿ, ಅಷ್ಟೆ.

ಅರವತ್ತರ ದಶಕದ ಕೊನೆಯ ಮಾತು. ನಾನು ಆಗಷ್ಟೇ ಟೀಚರ್ ಆಗಿ ಕುಂದಾಪುರಕ್ಕೆ ಬಂದು ಬಾಡಿಗೆ ಮನೆ ಹಿಡಿದಿದ್ದೆ. ಆಚೆಮನೆಯಲ್ಲಿ ಅಣ್ಣನ ಜೊತೆಗಿದ್ದ ವಿಧವೆಯನ್ನು ಕೇರಿಯವರೆಲ್ಲ ಚಿಕ್ಕಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ಮುಂಬಯಿಯ ಹೋಟೆಲಿನಲ್ಲಿದ್ದಾಗ ಚಿಕ್ಕಿ ಅಲ್ಲೇ ಒಬ್ಬ ಡಾಕ್ಟರಮ್ಮನ ಮನೆಕೆಲಸ ಮಾಡಿದ್ದಳು. ಆ ಡಾಕ್ಟರಮ್ಮ ಯಹೂದಿ. ಜರ್ಮನಿಯವರು ಅವರ ಜನರನ್ನು ಹುಡುಕಿ ಹುಡುಕಿ ಕೊಂದ ಕಾಲದಲ್ಲಿ ಹೇಗೋ ಉಳಿದು, ಒಬ್ಬರೇ ಹಡಗು ಹತ್ತಿ ಬಂದವರು.

“ಬಾಗ್ಲ್ ಬಡ್ದ್ರೆ ಸಾಕ್, ಬಚ್ಚಲಿಗ್ ಹೋಯಿ ಚಿಲ್ಕ ಹಾಕಂತಿದ್ರ್ ಮಾರಾಯ್ತಿ. ಹಾಲಿನವ ಬಂದ್ರೂ ನಾನ್ ‘ಅಮ್ಮ ಇಲ್ಲ’ ಅಂತ ಹೇಳ್ಕಿತ್ತ್” ಎನ್ನುತ್ತಿದ್ದಳು ಚಿಕ್ಕಿ.

ಹೇಗೆ ಉಳಿದಿರಿ ಎಂದು ಕೇಳಲು ಚಿಕ್ಕಿಗೆ ಕೊನೆಯವರೆಗೂ ಬಾಯಿ ಬರಲಿಲ್ಲ. ಡಾಕ್ಟರಮ್ಮ ಹೇಳದೆಯೇ ತೀರಿಕೊಂಡರು…

ಅಂಥದ್ದೇ ಕತೆಯ ಒಂದು ಪರದೇಶದ ಸಿನಿಮಾವನ್ನು ವಾಚನಾಲಯದ ಹುಡುಗರು ತರಿಸಿದರು. ಯಹೂದಿ ಸಂಸಾರವೊಂದನ್ನು ರೊಟ್ಟಿ ಅಂಗಡಿಯವನೊಬ್ಬ ತನ್ನ ಮನೆಯೊಳಗೆ ಹಿಟ್ಟಿನ ಮೂಟೆಗಳ ಹಿಂದೆ ಅಡಗಿಸಿಡುತ್ತಾನೆ. ನಿಜವಾಗಿ ನಡೆದದ್ದಂತೆ. ಸುದ್ದಿ ಕೇಳಿದ ಚಿಕ್ಕಿ ನನ್ನನ್ನೂ ಹೊರಡಿಸಿದಳು. “ಅವ್ರ್ ಹ್ಯಾಂಗ್ ಹೊರ್ಗ್ ಬಂದ್ರ್ ಅಂದೇಳಿ ಒಂದ್ಸಲ ಕಾಣ್ಕ್” ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಭಾಷೆ ಯಾರಿಗೂ ಅರ್ಥವಾಗದೆಂದು ಆ ಬುದ್ಧಿವಂತರು ಒಂದು ಉಪಾಯ ಹೂಡಿದ್ದರು. ಸಿನಿಮಾದ ಸದ್ದು ಆರಿಸಿ, ತಾಳಮದ್ದಲೆಯ ಇಬ್ಬರು ಅರ್ಥಧಾರಿಗಳನ್ನು ಮೈಕಿನ ಮುಂದೆ ಕೂರಿಸಿದರು. ವೇಷವಿಲ್ಲದೆ ಕೂತು, ಪುರಾಣದ ಪಾತ್ರಗಳಾಗಿ ಸ್ಥಳದಲ್ಲೇ ಮಾತು ಕಟ್ಟಿ ವಾದಿಸುವವರು ಅವರು. ಎದುರಾಳಿಯ ಪಾತ್ರಕ್ಕೆ ತೂಕದವರೇ ಬೇಕೆಂಬುದು ನಮ್ಮ ಕಡೆಯ ರೂಢಿ. ಹಾಗಾಗಿ ನಾಜಿ ಅಧಿಕಾರಿಯ ಮಾತು ಹೇಳಲು ಹೆಸರುವಾಸಿ ಹಿರಿಯರು, ರೊಟ್ಟಿಯವನಿಗೆ ಒಬ್ಬ ಹೊಸಬ!

ಪರದೆಯ ಮೇಲೆ ಅಧಿಕಾರಿ ಬಾಗಿಲು ಬಡಿದ. ಚಿಕ್ಕಿ ನನ್ನ ಕೈ ಹಿಡಿದುಕೊಂಡಳು. “ಇಲ್ಲಿ ಯಾರೂ ಇಲ್ಲ ಸ್ವಾಮಿ” ಎಂದ ಹೊಸಬ. ಹಿರಿಯರಿಗೆ ಅಷ್ಟೇ ಸಾಕಿತ್ತು. “ಅಸತ್ಯ ನುಡಿದ ನಾಲಗೆಯಿಂದ ಧರ್ಮವನ್ನು ಕಾಯುವೆಯಾ? ಉಣ್ಣುವುದು ಅರಸನ ಅನ್ನ, ಸಾಕುವುದು ಅರಸನ ಶತ್ರುಗಳನ್ನೋ?” ಚಪ್ಪಾಳೆ. ಹೊಸಬ ತಡವರಿಸಿದ. ಹಿರಿಯರು ಮತ್ತೊಂದು ಪಟ್ಟು ಹಾಕಿದರು. ಮತ್ತೆ ಚಪ್ಪಾಳೆ, ಶಿಳ್ಳೆ. ಸಿನಿಮಾ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಮೂಟೆಗಳ ಹಿಂದೆ ತಾಯಿಯೊಬ್ಬಳು ಮಗುವಿನ ಬಾಯಿ ಒತ್ತಿ ಹಿಡಿದಿದ್ದಳು. ಅವಳನ್ನು ನೋಡುವವರೇ ಇಲ್ಲ, ಎಲ್ಲರ ಮುಖ ಮೈಕಿನ ಕಡೆಗೆ. ಕೊಲ್ಲಲು ಬಂದವನ ಮಾತಿಗೆ ಊರಿಗೆ ಊರೇ ತಲೆದೂಗುತ್ತಿತ್ತು. ಥೂ, ಅದೆಂಥ ರಸಿಕತೆ!

ಚಿಕ್ಕಿ ಎದ್ದು ನಿಂತಳು.

“ಹ್ವಾಯ್! ಆ ಮನಿ ಒಳ್ಗ್ ಜನ ಇದ್ರ್! ಮಗು ಇತ್ತ್! ನೀವ್ ಎಂತಕ್ಕೆ ಚಪ್ಪಾಳಿ ಹೊಡಿತ್ರಿ?”

ಹಿರಿಯರು ಪಾತ್ರ ಬಿಡಲಿಲ್ಲ. “ಎಲೌ ತಾಯಿ, ರಾಜಕಾರ್ಯದ ನಡುವೆ ಅಡುಗೆಮನೆಯ ಅಳಲೇಕೆ?” ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಡಸರ ಸಾಲಿನಿಂದ ಚಿಕ್ಕಿಯ ಅಣ್ಣ ಎದ್ದು ಬಂದು ಅವಳ ರಟ್ಟೆ ಹಿಡಿದ. “ಮರ್ಯಾದಿ ತೆಗಿಬ್ಯಾಡ, ನಡಿ ಮನಿಗೆ.” ಚಿಕ್ಕಿ ಹಿಂದಕ್ಕೆ ತಿರುಗಿ ತಿರುಗಿ ಪರದೆ ನೋಡುತ್ತಲೇ ಹೋದಳು. ನಾನೂ ಎದ್ದು ಅವಳ ಹಿಂದೆಯೇ ಹೊರಟೆ.

ಮರುದಿನ ಬೆಳಿಗ್ಗೆ ದಿನಸಿ ಅಂಗಡಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು.

“ಅವ್ರ್ ಹೊರ್ಗ್ ಬಂದ್ರಾ?”

“ಯಾರ್ ಚಿಕ್ಕಿ?” ಎಂದ ಅಂಗಡಿಯವನು.

“ಮೂಟಿ ಹಿಂದ್ ಇದ್ದವ್ರ್.”

“ಓ, ಅವ್ರಾ… ಅದ್ ನೆನ್ಪಿಲ್ಲೆ. ಆದ್ರೆ ಆ ಅಧಿಕಾರಿ ಮಾತ್ ಇತ್ತಲೆ, ಭಾರೀ!”

ಕೇರಿಯಲ್ಲಿ ಕೇಳಿದಳು. ನಾನು ವಾಚನಾಲಯದ ಹುಡುಗರನ್ನು ಕೇಳಿದೆ. ಎಲ್ಲರಿಗೂ ಅಧಿಕಾರಿಯ ವಾದ ಬಾಯಿಪಾಠ. ಕೊನೆಗೆ ಆ ಸಂಸಾರ ಏನಾಯಿತು ಎಂದು ನೆಟ್ಟಗೆ ಹೇಳಬಲ್ಲವನು ಒಬ್ಬನೂ ಇಲ್ಲ. ಕಣ್ಣೆದುರಿಗೇ ನಡೆದದ್ದು! ರೀಲು ಅಷ್ಟರಲ್ಲಿ ವಾಪಸು ಹೋಗಿತ್ತು. “ಇರ್ಲಿ ಬಿಡ್” ಎಂದಳು ಚಿಕ್ಕಿ. ಆಮೇಲೆ ಡಾಕ್ಟರಮ್ಮನ ಸುದ್ದಿಯನ್ನೇ ಎತ್ತಲಿಲ್ಲ. ಹಿರಿಯರಿಗೆ ಮಾತ್ರ ಊರೂರಲ್ಲಿ ಶಾಲು, ಹಾರ. ಎಪ್ಪತ್ತನೇ ಇಸವಿಯ ಆಚೆ ಈಚೆ ಒಂದು ಮಳೆಗಾಲದಲ್ಲಿ ಚಿಕ್ಕಿ ಜ್ವರ ಬಂದು ಹೋಗಿಬಿಟ್ಟಳು.

ಮೊನ್ನೆ ಬಸ್ಸಿಳಿದು ಮನೆಗೆ ಬಂದವಳು ಮಗನ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಎಲ್ಲೆಲ್ಲೋ ಹುಡುಕಿ ಅದೇ ಸಿನಿಮಾವನ್ನು ಟೀವಿಯಲ್ಲಿ ಹಾಕಿಕೊಟ್ಟಳು. ಈ ಸಲ ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲ. ಅಧಿಕಾರಿ ಅಷ್ಟೊಂದು ಮಾತಾಡುವುದೇ ಇಲ್ಲ. ನಾಲ್ಕು ಮಾತು ಗದರಿ ಹೊರಟುಹೋಗುತ್ತಾನೆ. ಕೊನೆಯಲ್ಲಿ, ಮೈತುಂಬ ಹಿಟ್ಟು ಮೆತ್ತಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಎಲ್ಲರೂ ಹೊರಗೆ ಬಂದರು. ಆ ಮಗುವೂ ಬಂತು.

ನಾನು ಗಡಬಡಿಸಿ ಎದ್ದು ಬಾಗಿಲವರೆಗೆ ಹೋದೆ. “ಅತ್ತೆ, ಎಲ್ಲಿಗೆ?” ಎಂದಳು ಸೊಸೆ. ಎಲ್ಲಿಗೆಂದು ಹೇಳಲಿ… ಬಂದರು ಅಂತ ಕೇಳಿಸಿಕೊಳ್ಳಬೇಕಾಗಿದ್ದವಳು ಒಬ್ಬಳೇ ಒಬ್ಬಳು.