ಅಗಳಿ ಹಾಕಿದ ಮನೆ

ಹೋದ ಚಳಿಗಾಲದಲ್ಲಿ ನಾರಾಯಣಖೇಡದ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಮೈದುನನ ಮಗ ಹಳೆಯ ಮನೆ ಕೆಡವಿ, ಮಗ್ಗುಲಿನ ಹಾಳು ಜಾಗವನ್ನೂ ಕೊಂಡು, ಹೊಸ ಮನೆಗೆ ಪಾಯ ತೋಡಿಸುತ್ತಿದ್ದ. ಒಂದು ಕಡೆ ಗುದ್ದಲಿ ಬಿದ್ದದ್ದೇ ತಡ, ನೆಲ ಧಸಕ್ಕನೆ ಕುಸಿದು ಕಪ್ಪಗೆ ಬಾಯಿ ಬಿಟ್ಟಿತು. ಹಳೆಯ ಹಗೇವು. ಜೋಳ ತುಂಬಿ, ಮೇಲೆ ಬಂಡೆ ಮುಚ್ಚಿ, ಮಣ್ಣು ಮೆತ್ತಿ ಇಡುತ್ತಿದ್ದ ನೆಲದೊಳಗಿನ ಕಣಜ. ಒಳಗೆ ಒಂದು ಕಾಳೂ ಇರಲಿಲ್ಲ. ಆದರೆ ಹುಳಿ ಬೆರೆತ ಆ ಮುಗ್ಗಲು ವಾಸನೆ ಅಲ್ಲೇ ಕಾದು ಕುಳಿತಂತಿತ್ತು.

ಆಳುಗಳು ನಗುತ್ತ ಬಗ್ಗಿ ನೋಡುತ್ತಿದ್ದರು. "ಹಿಂದ ಸರೀರೋ!" ಎಂದು ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೈದುನನ ಮಗ ಓಡಿಬಂದು ತೋಳು ಹಿಡಿದು ಕೂಡಿಸಿದ. ಆ ಗುಂಡಿ ನಮ್ಮದಾಗಿರಲಿಲ್ಲ. ಗೋಡೆಯಾಚೆಯ ಮನೆಯಲ್ಲಿ ಒಬ್ಬರೇ ಇದ್ದ ಮುದುಕಿ, ಆಯಿಯದು.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನಿಜಾಮರ ಆಳ್ವಿಕೆಯ ಕೊನೆಯ ದಿನಗಳು. ಗಂಡ ನಾರಾಯಣಖೇಡದ ಶಾಲೆಯಲ್ಲಿ ಮಾಸ್ತರ, ವಾರಕ್ಕೊಮ್ಮೆ ಬರುತ್ತಿದ್ದರು. ಮೈದುನ ಅವರ ಜೊತೆ ಅಲ್ಲೇ ಓದುತ್ತಿದ್ದ. ಮನೆಯಲ್ಲಿ ಅತ್ತೆ, ಮಾವ, ನಾನು. ನನಗೆ ಎಲ್ಲದಕ್ಕೂ ಹೆದರಿಕೆ. ಅತ್ತೆಯ ಕೆಮ್ಮಿಗೂ, ಹಿತ್ತಲಿನ ಬಾವಿಗೂ, ಕತ್ತಲೆ ಕೋಣೆಗೂ. ನಮ್ಮ ಒಲೆಯ ಮೇಲೆ, ಎರಡು ಮನೆಗಳ ನಡುವಿನ ಗೋಡೆಯಲ್ಲಿ, ಒಂದು ಕಿಂಡಿ ಇತ್ತು. ಬಂದ ಹೊಸದರಲ್ಲಿ ಒಂದು ಮುಂಜಾನೆ ಒಲೆ ಹತ್ತದೆ ಅಳುತ್ತ ಕೂತಿದ್ದೆ. ಆ ಕಿಂಡಿಯಿಂದ ಸುಕ್ಕುಗಟ್ಟಿದ ಕೈಯೊಂದು ಒಡೆದ ಮಡಕೆಯ ಚೂರಿನಲ್ಲಿ ಕೆಂಡ ಚಾಚಿತು.

"ಅಳಬ್ಯಾಡ ಯವ್ವಾ. ಹೊಗಿಗೆ ಅಳಾಕತ್ತೀಯೋ, ತವರಿಗೋ? ಕೆಂಡ ತಗೋ ಮೊದಲು."

ಮುಖ ನೋಡುವ ಮೊದಲು ಆಯಿಯ ಕೈ ನೋಡಿದ್ದೆ ನಾನು. ಅಂದಿನಿಂದ ಅದೇ ರೂಢಿಯಾಯಿತು. ಅವರ ಒಲೆ ನಮ್ಮದಕ್ಕಿಂತ ಮೊದಲು ಹೊತ್ತುತ್ತಿತ್ತು. ದಿನಾ ಕಿಂಡಿಯಿಂದ ಕೆಂಡ ಬರುತ್ತಿತ್ತು. ನಮ್ಮದು ಲಿಂಗ ಕಟ್ಟುವ ಮನೆ, ಅವರದು ಕುರುಬರ ಮನೆ. ಅಡಿಗೆ ಆಚೀಚೆ ಹೋಗುತ್ತಿರಲಿಲ್ಲ. ಕೆಂಡಕ್ಕೆ ಮಾತ್ರ ಯಾರೂ ಅಡ್ಡಿ ಹೇಳುತ್ತಿರಲಿಲ್ಲ.

ಆಯಿಗೆ ಗಂಡ ತೀರಿ ಬಹಳ ಕಾಲವಾಗಿತ್ತು. ಕುರಿಗಳನ್ನೆಲ್ಲ ಅಣ್ಣನ ಮಗನಿಗೆ ಒಪ್ಪಿಸಿದ್ದರು. ಅವನು ಹಿಂಡು ಹೊಡೆದುಕೊಂಡು ಊರೂರು ತಿರುಗುವವನು. ಒಬ್ಬಳೇ ಮಗಳು ತಾಂಡೂರಿನಲ್ಲಿ. ಬಾ ಎಂದು ಎಷ್ಟು ಕರೆದರೂ ಆಯಿ ಹೋಗಲಿಲ್ಲ. ಉಣ್ಣೆ ನೂಲುತ್ತ, ತನ್ನ ರೊಟ್ಟಿ ತಾನು ಬಡಿದುಕೊಂಡು ಇದ್ದರು. ಕಣ್ಣು ಮಂಜಾಗಿದ್ದರೂ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಆ ಮನೆಯ ಹೊಸ್ತಿಲು ಮೊಣಕಾಲುದ್ದ. ಬಚ್ಚಲಿಗೆ ಇಳಿಯುವ ಕಲ್ಲು ಪಾಚಿಗಟ್ಟಿತ್ತು. ಪಡಸಾಲೆಯ ಮೂಲೆಯಲ್ಲೇ ಹಗೇವಿನ ಬಾಯಿ. ಅವರು ನಡೆದಾಡುವುದನ್ನು ನೋಡುವಾಗ ಈಗ ಬಿದ್ದರು, ಆಗ ಬಿದ್ದರು ಎನಿಸುತ್ತಿತ್ತು. ಅವರಿಗೆ ಅದರ ಫಿಕರೇ ಇರಲಿಲ್ಲ.

ಊರಿನವರಿಗೆಲ್ಲ ಇದ್ದ ಹೆದರಿಕೆ ಬೇರೆ. ಕುದುರೆಯ ಮೇಲೆ ಲೂಟಿಯವರು ಬಂದರಂತೆ, ಆ ಊರಿನಲ್ಲಿ ಬಾಗಿಲು ಮುರಿದರಂತೆ, ಈ ಊರಿನಲ್ಲಿ ಕಾಳೆಲ್ಲ ಹೊತ್ತೊಯ್ದರಂತೆ... ದಿನಕ್ಕೊಂದು ಖಬರು. ಅದರ ಮೇಲೆ, ಬೆಳೆದದ್ದರಲ್ಲಿ ಸರಕಾರದ ಪಾಲು ಎಂದು ಲೆವಿಯ ಕಾಳು ವಸೂಲಿಗೆ ಬರುವ ಸರಕಾರಿ ಜನ. ಹಗಲು ಹೊತ್ತಿನಲ್ಲೂ ಬಾಗಿಲುಗಳು ಮುಚ್ಚಿದವು. ಆಯಿಯ ಅಣ್ಣನ ಮಗ ಬಂದವನು ಬಡಿಗೇರನಿಗೆ ಹೇಳಿ ಜಾಲಿ ಮರದ ಹೊಸ ಅಗಳಿ ಮಾಡಿಸಿಕೊಟ್ಟು ಹೋದ. ಬಾಗಿಲ ಹಿಂದೆ ಗೋಡೆಯಿಂದ ಗೋಡೆಗೆ ಅಡ್ಡ ಬೀಳುವ, ತೊಡೆ ಗಾತ್ರದ ತೊಲೆ.

"ಆನಿ ಬಂದು ಗುದ್ದಿದ್ರೂ ಈ ಬಾಗಿಲ ಅಲ್ಲಾಡಂಗಿಲ್ಲ ನೋಡು" ಎಂದು ಆಯಿ ಕಿಂಡಿಯಲ್ಲಿ ಹೇಳಿಕೊಂಡರು.

ಒಂದು ಮುಂಜಾನೆ ಕೆಂಡ ಬರಲಿಲ್ಲ.

ನಿದ್ದೆ ಹತ್ತಿರಬೇಕು ಎಂದುಕೊಂಡೆ. ಕಾದೆ. ಕಿಂಡಿಗೆ ಬಾಯಿಟ್ಟು "ಆಯೀ" ಎಂದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಕೂಗಿದೆ. ಕಿಂಡಿಯಿಂದ ಬಂದದ್ದು ಒಂದು ವಾಸನೆ ಮಾತ್ರ, ಹುಳಿಯಾದದ್ದು, ಒದ್ದೆಯಾದದ್ದು. ಮಾವನನ್ನು ಕರೆದೆ. ಅವರು ಕಿಂಡಿಯ ಹತ್ತಿರ ಮೂಗು ತಂದರು. ಅವರ ಮುಖ ಬಿಳಿಚಿಕೊಂಡಿತು.

"ಹಗೇವು ತೆರದಾಳ ಮುದುಕಿ. ಬಾಗಿಲ ಹಾಕ್ಕೊಂಡು ಒಬ್ಬಾಕೇ ತೆರದಾಳ!"

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ತೆರೆದವರು ದಿನವಿಡೀ ಬಾಗಿಲು ತೆರೆದಿಟ್ಟು, ದೀಪ ಇಳಿಸಿ ನೋಡಿ, ಅದು ಉರಿದರಷ್ಟೇ ಇಳಿಯಬೇಕು. ಇಳಿದು ಹೊರಗೆ ಬಾರದವರ ಕಥೆ ಪ್ರತಿ ಊರಲ್ಲೂ ಇತ್ತು. ಆಯಿಗೆ ಇದು ತಿಳಿಯದ್ದಲ್ಲ. ಆದರೆ ತೆರೆದ ಹಗೇವು ಯಾರ ಕಣ್ಣಿಗಾದರೂ ಬಿದ್ದರೆ? ಆ ಹೆದರಿಕೆಗೆ ಅಗಳಿ ಹಾಕಿಕೊಂಡಿದ್ದರು.

ಮಾವ ಬಾಗಿಲು ಗುದ್ದಿದರು. ಓಣಿಯ ಗಂಡಸರು ಹೊಲಕ್ಕೆ ಹೋಗಿದ್ದರು; ಉಳಿದ ಮುದುಕರಿಬ್ಬರು ಸೇರಿ ಭುಜ ಕೊಟ್ಟರು. ಬಾಗಿಲು ಅಲ್ಲಾಡಲಿಲ್ಲ. ಆಯಿ ಹೇಳಿದ್ದು ನಿಜವೇ ಆಗಿತ್ತು. ಗೋಡೆ ಅಗೆಯುತ್ತ ಕೂತರೆ ಹೊತ್ತು ಹೋಗುತ್ತದೆ. ಉಳಿದದ್ದು ಮಾಳಿಗೆಯ ಮೇಲಿನ ಬೆಳಕಿಂಡಿ ಒಂದೇ. ಹಿರಿಯರ ಮೈ ಅದರಲ್ಲಿ ಹಿಡಿಸುವಂತಿರಲಿಲ್ಲ. ಎಲ್ಲರೂ ಇನ್ನೂ ಹುಡುಗಿಯಾಗಿದ್ದ, ಸಣಕಲು ಮೈಯ ನನ್ನ ಕಡೆ ನೋಡಿದರು.

ಅತ್ತೆ "ಬ್ಯಾಡ, ಮಂದಿ ಕೂಸದು" ಎಂದರು. ಆ ಮನೆಯಲ್ಲಿ ಅವರು ನನ್ನನ್ನು ಕೂಸು ಅಂದದ್ದು ಅದೇ ಮೊದಲು.

ಬಾವಿಯ ಹಗ್ಗವನ್ನು ನನ್ನ ನಡುವಿಗೆ ಬಿಗಿದರು. ಮೊದಲು ಹೊತ್ತಿಸಿದ ಕಂದೀಲನ್ನು ಬೆಳಕಿಂಡಿಯಿಂದ ಇಳಿಬಿಟ್ಟರು. ಅದು ಉರಿಯುತ್ತಲೇ ಇತ್ತು. ಮಾವ ನನ್ನ ಮುಖ ನೋಡದೆ ಹೇಳಿದರು, "ತಲಿ ತಿರುಗಿದಂಗಾದ್ರ ಹಗ್ಗ ಜಗ್ಗು. ಮೂಲಿಗೆ ಹೋಗಬ್ಯಾಡ. ಮೊದಲು ಅಗಳಿ ತೆಗಿ."

ಕಾಲು ಕತ್ತಲೆಯೊಳಗೆ ಇಳಿದವು. ಸೊಂಟ ಕಿಂಡಿಯಲ್ಲಿ ಸಿಕ್ಕಿ, ಮಣ್ಣು ಉದುರಿ ಕಣ್ಣಿಗೆ ಬಿತ್ತು. ಒಂದು ಗಳಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಆಮೇಲೆ ಹಗ್ಗ ಸಡಿಲಾಗಿ ಸರ್ರನೆ ಜಾರಿದೆ. ನೆಲ ಮುಟ್ಟಿದಾಗ ಮೊದಲು ಕಂಡದ್ದು ಮೂಲೆಯ ಹಗೇವು. ಬಂಡೆ ಸರಿದಿತ್ತು. ಪಕ್ಕದಲ್ಲಿ ಬುಟ್ಟಿ, ಬುಟ್ಟಿಯ ಪಕ್ಕ ಆಯಿಯ ಒಂಟಿ ಕಾಲಿನ ಕೆರ. ಆಯಿ ಎಲ್ಲೂ ಇರಲಿಲ್ಲ.

ಮಾವ ಹೇಳಿದ್ದೆಲ್ಲ ಮರೆತುಹೋಯಿತು. ಕಂದೀಲು ಹಿಡಿದು ಮೂಲೆಗೆ ಹೋಗಿ ಗುಂಡಿಯ ಬಾಯಿಗೆ ಚಾಚಿದೆ. ಉರಿ ಕುಗ್ಗಿತು, ನೀಲಿಯಾಯಿತು, ಆರಿಹೋಯಿತು. ಒಳಗೇ ಇದ್ದಾರೆ ಅನಿಸಿತು. ಕೆಳಗೆ, ಜೋಳದ ಮೇಲೆ, ಮುಖ ಅಡಿಯಾಗಿ... ಕಿವಿಯೊಳಗೆ ಗುಂಯ್ ಎಂದಿತು. ಹೇಗೆ ಹಿಂದೆ ಸರಿದೆನೋ ಗೊತ್ತಿಲ್ಲ. ಮೇಲಿಂದ ಮಾವ ಕೂಗುತ್ತಿದ್ದದ್ದು ಯಾವುದೋ ಬೇರೆ ಊರಿನ ದನಿಯಂತೆ ಕೇಳುತ್ತಿತ್ತು.

ಆಗ ಕೆರೆಯುವ ಸಪ್ಪಳ. ಇಲಿ ಕೆರೆದಂತೆ. ನಿಂತಿತು, ಮತ್ತೆ ಬಂತು. ಒಲೆಯ ಕಡೆಯಿಂದ.

ಆಯಿ ಒಲೆಯ ಹಿಂದೆ, ನಮ್ಮ ಮನೆಯ ಗೋಡೆಗೆ ಆತು ಬಿದ್ದಿದ್ದರು. ಒಂದು ಕಾಲು ಮೈಗೆ ಸಂಬಂಧವಿಲ್ಲದಂತೆ ಹೊರಳಿತ್ತು. ಉಗುರಿನಿಂದ ಗೋಡೆ ಕೆರೆಯುತ್ತಿದ್ದರು. ಹಗೇವಿನ ಗಾಳಿಗೆ ತಲೆ ತಿರುಗಿ, ಎದ್ದು ಬರುವಾಗ ಕಲ್ಲಿನ ಮೇಲೆ ಬಿದ್ದು, ಬಾಗಿಲಿನ ತನಕ ಹೋಗಲಾಗದೆ, ಕಿಂಡಿಯ ಕೆಳಗೆ ತೆವಳಿಕೊಂಡು ಬಂದಿದ್ದರು. ಹಿಂದಿನ ದಿನದಿಂದ ಅಲ್ಲೇ ಇದ್ದರು. ನಾನು ಕೂಗಿದ್ದು ಅವರಿಗೆ ಕೇಳಿತ್ತು. ಅವರು ಕೆರೆದದ್ದು ನನಗೆ ಕೇಳಿರಲಿಲ್ಲ.

ತುಟಿ ಅಲ್ಲಾಡಿತು. "ಅಗಳಿ..."

ಅಗಳಿ ಹಿಡಿದು ಜಗ್ಗಿದೆ. ಕದಲಲಿಲ್ಲ. ಜಗ್ಗಿ ಜಗ್ಗಿ ಅಂಗೈ ಸುಲಿಯಿತು. ಹೊರಗಿನಿಂದ ಮುದುಕರು ಬಾಗಿಲು ನೂಕುತ್ತಿದ್ದರು. ಅವರು ನೂಕಿದಷ್ಟೂ ಅದು ಬಿಗಿಯಾಗುತ್ತಿತ್ತು. "ನೂಕಬ್ಯಾಡ್ರೀ!" ಎಂದು ಅಳುತ್ತ ಕೂಗಿದೆ. ಅವರು ಬಿಟ್ಟರು. ಅಗಳಿ ಕಿರುಗುಟ್ಟುತ್ತ ಗೋಡೆಯೊಳಗೆ ಸರಿಯಿತು. ಬಿಸಿಲು ಒಳಗೆ ನುಗ್ಗಿತು.

ನಾಗಲಗಿದ್ದದ ಕಡೆಯಿಂದ ಎಲುಬು ಕೂಡಿಸುವವನು ಬಂದು ಬಿದಿರು ದಬ್ಬೆ ಕಟ್ಟಿದ. ಆಯಿ ಬದುಕಿದರು, ಆದರೆ ಕಾಲು ಮೊದಲಿನಂತಾಗಲಿಲ್ಲ. ತಾಂಡೂರಿನಿಂದ ಮಗಳು ಗಾಡಿ ಮಾಡಿಕೊಂಡು ಬಂದು ತಾಯಿಯ ಕಾಲು ಹಿಡಿದು ಅತ್ತಳು.

"ನಡಿಯವ್ವಾ. ಇಲ್ಲಿ ಮತ್ತ ಬಿದ್ರ ಯಾರ ನೋಡವ್ರು?"

"ಅಲ್ಲಿ ಬೀಳೂದಿಲ್ಲೇನು?" ಎಂದರು ಆಯಿ. "ನಿನ್ನ ಮನ್ಯಾಗ ಯಾವ ಕಲ್ಲು ಎಲ್ಲದ ನನಗ ಗೊತ್ತಿಲ್ಲ. ಇಲ್ಲಿ ಕಣ್ಣ ಹೋದ್ರೂ ನನ್ನ ಕಾಲಿಗೆ ಗೊತ್ತದ."

ಮಗಳು ಒಂದೇ ಮಾತಿಗೆ ಜೋತುಬಿದ್ದಳು. ಹಾಗಾದರೆ ಅಗಳಿ ಹಾಕಬೇಡ. ಅಗಳಿ ಹಾಕದಿದ್ದರೆ ಲೂಟಿಯವರು ಬಂದರೆ? ಹಾಕಿದರೆ, ಮತ್ತೆ ಬಿದ್ದರೆ? ಕೊನೆಗೆ ಮಾವ ಕಿಂಡಿಯಿದ್ದ ಗೋಡೆಯನ್ನು ತೋರಿಸಿ, ಅದರ ಪಕ್ಕದಲ್ಲೇ ಒಡೆದು ಸಣ್ಣ ಬಾಗಿಲು ಇಡೋಣ ಎಂದರು. ಬೀದಿ ಬಾಗಿಲಿಗೆ ಅಗಳಿ ಇರಲಿ. ಒಳಗಿನಿಂದ ನಾವು ಹೋಗಿಬರೋಣ.

ಅತ್ತೆ ಸಿಡಿದೆದ್ದರು. "ಇಂಥಾ ದಿನದಾಗ ಗ್ವಾಡಿ ಒಡೀತೀರೇನು? ಒಂದ ಮನಿಗೆ ಬಂದವರಿಗೆ ಎರಡೂ ಮನಿ ಬಿಟ್ಟುಕೊಟ್ಟಂಗ. ಅದೂ ಒಲಿ ಮಗ್ಗಲಾಗ!" ಎಂದು ಎರಡು ದಿನ ಮಾವನೊಂದಿಗೆ ಮಾತು ಬಿಟ್ಟರು. ಆಮೇಲೆ ಒಂದು ಮಧ್ಯಾಹ್ನ ಆಯಿಯ ಮನೆಗೆ ಹೋಗಿ, ಬಹಳ ಹೊತ್ತು ಕೂತು ಬಂದರು. ಏನು ಮಾತಾಡಿದರೋ ತಿಳಿಯದು. ಬಂದವರು ಗೋಡೆಯ ಮುಂದೆ ನಿಂತು, "ಒಡೀರಿ. ನಾಳಿ ನಾನೂ ಬೀಳಾಕಿನೇ" ಎಂದರು.

ಗೋಡೆ ಒಡೆಯಿತು. ಬಗ್ಗಿ ದಾಟುವಷ್ಟು ಬಾಗಿಲು. ಹಗೇವನ್ನು ಬರಿದು ಮಾಡಿ ಬಂಡೆ ಎಳೆದು ಗಾರೆ ಹಾಕಿಸಿದರು. ಹಾಸಿಗೆಯಿಂದ ಬಚ್ಚಲಿನವರೆಗೆ ಮಾವ ಗೂಟ ಹೊಡೆದು, ಆಯಿಯೇ ಹೊಸೆದ ಉಣ್ಣೆಯ ಹಗ್ಗ ಕಟ್ಟಿದರು. ಬಚ್ಚಲಿನ ಕಲ್ಲನ್ನು ನಾನು ತಿಕ್ಕಿ ತಿಕ್ಕಿ, ಅಂಚಿಗೆ ಸುಣ್ಣ ಬಳಿದೆ, ಮಂಜುಗಣ್ಣಿಗೂ ಕಾಣಲಿ ಎಂದು. ನೆಲಕ್ಕೆ ಸೋರುತ್ತಿದ್ದ ನೀರಿನ ಹರವಿ ಕಟ್ಟೆ ಏರಿತು.

ಆದರೂ ನನ್ನ ಹೆದರಿಕೆ ಹೋಗಲಿಲ್ಲ. ರೊಟ್ಟಿ ಬಡಿಯುವಾಗ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಸಪ್ಪಳ ಬಂದರೆ ಬಿದ್ದರೇನೋ, ಬಾರದಿದ್ದರೆ ಬಿದ್ದೇ ಇದ್ದಾರೇನೋ. ನೆಪ ಮಾಡಿಕೊಂಡು ಬಗ್ಗಿ ನೋಡುತ್ತಿದ್ದೆ. ಆಯಿ ತಲೆಯೆತ್ತದೆ, "ಅದೀನಿ, ಅದೀನಿ, ಹೋಗು. ನಿನ್ನ ರೊಟ್ಟಿ ಹೊತ್ತತಾವ" ಎನ್ನುತ್ತಿದ್ದರು.

ಜೋಳ ತೆನೆಗಟ್ಟುವ ಕಾಲ. ಅಷ್ಟರಲ್ಲಿ ಅತ್ತೆಯೇ ದಿನಾ ಅಂಬಲಿ ಕಳಿಸುತ್ತಿದ್ದರು, ಮಡಿ ಮೈಲಿಗೆಯ ಮಾತು ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ. ಒಂದು ಮಧ್ಯಾಹ್ನ ಬಟ್ಟಲು ಹಿಡಿದು ದಾಟಿದೆ. ಆಯಿ ಗೋಡೆಗೆ ಒರಗಿ ಕೂತಿದ್ದರು. ಮಡಿಲಲ್ಲಿ ಉಣ್ಣೆ, ಬೆರಳಿಗೆ ಎಳೆ ಸುತ್ತಿಕೊಂಡೇ ಇತ್ತು. ಕರೆದೆ. ಮುಟ್ಟಿದೆ. ಉಸಿರಿರಲಿಲ್ಲ; ಕೈಯಲ್ಲಿ ಇನ್ನೂ ಬಿಸುಪಿತ್ತು... ವಿಚಿತ್ರವೆಂದರೆ, ಆ ದಿನ ನನಗೆ ಹೆದರಿಕೆಯಾಗಲಿಲ್ಲ. ಬಟ್ಟಲು ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯನ್ನು ಕೂಗಿದೆ.

ಮರು ಮಳೆಗಾಲದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಗಂಡನಿಗೆ ವರ್ಗವಾಗಿ ನಾವು ಜಹೀರಾಬಾದಿಗೆ ಬಂದೆವು, ಇಲ್ಲಿಯೇ ಉಳಿದೆವು.

ಹಳ್ಳಿಯಿಂದ ಮರಳಿದ ವಾರದಲ್ಲೇ ನಾನು ಸ್ನಾನದ ಮನೆಯಲ್ಲಿ ಜಾರಿ ಬಿದ್ದೆ. ದೊಡ್ಡ ಪೆಟ್ಟೇನೂ ಅಲ್ಲ. ಸೊಸೆ ಓಡಿಬಂದು ಎತ್ತಿ ಕೂಡಿಸಿದಳು. ಆ ಗಾಬರಿಯಲ್ಲಿ ನಾನು ಕೂಗಿದ್ದು ಅವಳ ಹೆಸರನ್ನಲ್ಲ.

"ಆಯಿ ಅಂದ್ರ ಯಾರ್ರೀ ಅತ್ತಿ? ನಿಮ್ಮ ಅಜ್ಜಿಯೇನು?" ಎಂದು ಕೇಳಿದಳು, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ.

ಅಲ್ಲ ಎಂದೆ. ಬಾಜೂ ಮನೆಯಾಕೆ ಎಂದೆ. ಅವಳು ಹೂಂಗುಟ್ಟಿ ಎಣ್ಣೆ ತಿಕ್ಕತೊಡಗಿದಳು. ಮಾವ ಇಲ್ಲ, ಅತ್ತೆ ಇಲ್ಲ, ಗಂಡನೂ ಮೈದುನನೂ ಇಲ್ಲ, ತಾಂಡೂರಿನ ಮಗಳೂ ಇಲ್ಲ. ಆಯಿಯನ್ನು ಕಣ್ಣಾರೆ ಕಂಡವಳು ಈ ಭೂಮಿಯ ಮೇಲೆ ನಾನೊಬ್ಬಳೇ ಉಳಿದಿದ್ದೇನೆ.