ಆಹಾ ಅನ್ನುವುದು ಯಾವಾಗ

ಈಜಿಪ್ಟಿಗೆ ಹೊರಟವರಿಗೆ ನಾನು ಹೇಳುವ ಮೊದಲ ಮಾತು ಒಂದೇ. ಅಲ್ಲಿ ಯಾರಾದರೂ ಹಾಡುತ್ತಿದ್ದರೆ ದಯವಿಟ್ಟು ಬಾಯಿ ಮುಚ್ಚಿಕೊಂಡು ಕೂರಬೇಡಿ. ಪಿರಮಿಡ್ಡಿನ ಮುಂದೆ ಬೇಕಾದರೆ ಮೂಕರಾಗಿ ನಿಲ್ಲಿ, ಅದು ಕಲ್ಲು, ಅದಕ್ಕೇನೂ ಬೇಜಾರಿಲ್ಲ. ಹಾಡುವವರ ಮುಂದೆ ಹಾಗೆ ಮಾಡಬಾರದು. ಕೈರೋದಲ್ಲಿ ಒಂದು ಸಾಲು ಮನಸ್ಸಿಗೆ ತಾಗಿದರೆ ಕೇಳುವವನು ‘ಅಲ್ಲಾ!’ ಎನ್ನುತ್ತಾನೆ, ‘ಯಾ ಸಲಾಮ್!’ ಎಂದು ಕೂಗುತ್ತಾನೆ, ನಮ್ಮವರು ‘ಆಹಾ’, ‘ಭಲೇ’ ಅನ್ನುವ ಹಾಗೆ. ಆ ಕೂಗು ಕೇಳಿದರೆ ಹಾಡುವವಳು ಅದೇ ಸಾಲನ್ನು ಮತ್ತೆ ಹಿಡಿದು ಇನ್ನೊಂದು ದಾರಿಯಲ್ಲಿ ಒಯ್ಯುತ್ತಾಳೆ. ಕೇಳಿಸದಿದ್ದರೆ ಹಾಡು ಅಲ್ಲೇ ಬತ್ತಿಹೋಗುತ್ತದೆ.

ಇದನ್ನು ಮೈಸೂರಿನ ಹೆಂಗಸೊಬ್ಬಳು, ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆಯ ಒಂದು ಆಫೀಸು ಕಟ್ಟಡದಲ್ಲಿ, ನೈಲ್ ನದಿಯ ದೋಣಿ ಹತ್ತಲಿದ್ದ ನಿವೃತ್ತರಿಗೆ, ಡಚ್ ಭಾಷೆಯಲ್ಲಿ ಏಕೆ ಹೇಳಬೇಕಾಯಿತು? ಹೊಟ್ಟೆಪಾಡು ಎಂದರೆ ಸುಳ್ಳಾಗುತ್ತದೆ. ಮಗಳಿಗಾಗಿ ಹೇಳಿದೆ.

ನಾನು ಇಲ್ಲಿಗೆ ಬಂದದ್ದು ಸಂಶೋಧನೆಗೆ. ನಮ್ಮ ಕರ್ನಾಟಕ ಸಂಗೀತವನ್ನೂ ಈಜಿಪ್ಟಿನ ಸಂಗೀತವನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ. ಅದಕ್ಕಾಗಿ ಕೈರೋಗೂ ಹೋಗಿ ತಿಂಗಳುಗಟ್ಟಲೆ ಇದ್ದೆ. ಸಂಶೋಧನೆ ಮುಗಿಯಿತು, ಮದುವೆಯೂ ಮುರಿದು ಮುಗಿಯಿತು. ಕೆಲಸ ಹುಡುಕಿಕೊಳ್ಳಲಿ ಎಂದು ಸರ್ಕಾರ ಕೊಟ್ಟ ಒಂದು ವರ್ಷವೂ ಮುಗಿಯುತ್ತ ಬಂದಿತ್ತು. ಮಗಳ ಅಪ್ಪ ಹಾರ್ಲೆಮಿನಲ್ಲಿದ್ದಾನೆ, ಐಟಿಯವನು, ಅವನಿಗೆ ಇಲ್ಲಿ ಕಾಯಂ ಪರವಾನಗಿ ಇದೆ. ಮಗಳು ಶಾಲೆಯ ದಿನಗಳಲ್ಲಿ ಡೀಮೆನ್ನಿನ ನನ್ನ ಪುಟ್ಟ ಫ್ಲ್ಯಾಟಿನಲ್ಲಿ, ಶನಿವಾರ ಭಾನುವಾರ ಅವನಲ್ಲಿ. ಬೇರೆಯಾಗುವಾಗ ಇಬ್ಬರೂ ಒಪ್ಪಿಕೊಂಡಿದ್ದೆವು: ಏನೇ ಆದರೂ ಮಗಳ ಓದು ಇಲ್ಲೇ ಆಗಬೇಕು. ಆಗ ನನಗೆ ಕೆಲಸವಿತ್ತು, ಧೈರ್ಯವಿತ್ತು, ಒಪ್ಪಿಕೊಂಡೆ. ಈಗ ಅರ್ಥ ಸ್ಪಷ್ಟವಾಗಿತ್ತು. ಕೆಲಸ ಸಿಕ್ಕಿದರೆ ನಾನೂ ಇರುತ್ತೇನೆ. ಸಿಗದಿದ್ದರೆ ನಾನು ಮೈಸೂರಿಗೆ, ಅವಳು ಹಾರ್ಲೆಮಿಗೆ.

ಅರ್ಜಿ ಹಾಕದ ಜಾಗವಿರಲಿಲ್ಲ. ಅರಬ್ ಸಂಗೀತ ಓದಿದ ಕನ್ನಡತಿ ಯಾರಿಗೆ ಬೇಕು, ಹೇಳಿ? ಹೀಗಿರುವಾಗ ಕಾಪೆಲ್ಲೆಯ ಪ್ರವಾಸದ ಕಚೇರಿಯ ಯಜಮಾನ ಫೋನ್ ಮಾಡಿದ. ಈಜಿಪ್ಟಿಗೆ ಹೊರಡುವವರಿಗೆ ಅಲ್ಲಿನ ಬದುಕು, ಸಂಗೀತ ಪರಿಚಯಿಸುವವರು ಬೇಕು, ಒಂದು ಶನಿವಾರ ಮಧ್ಯಾಹ್ನ ಮಾಡಿ ತೋರಿಸಿ, ಚೆನ್ನಾಗಿದ್ದರೆ ಮುಂದೆ ಮಾತಾಡೋಣ ಎಂದ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ. ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಕೆಳಗಿನ ಮನೆಗೆ ಓಡಿದೆ. ಅಲ್ಲಿ ಕೈರೋದ ಹೆಂಗಸೊಬ್ಬಳಿದ್ದಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಊರಲ್ಲಿ ಮದುವೆಮನೆಗಳಲ್ಲಿ ಹಾಡುತ್ತಿದ್ದವಳು, ಇಲ್ಲಿ ಶಾಲೆಯೊಂದರ ಊಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಅವಳನ್ನು ಅಕ್ಕಾ ಎನ್ನುತ್ತಿದ್ದೆ, ಅವಳು ನನ್ನನ್ನು ತನ್ನ ಭಾಷೆಯಲ್ಲಿ ಮಗಳೇ ಎನ್ನುತ್ತಿದ್ದಳು. ನಮ್ಮಿಬ್ಬರ ಮಾತು ಮುರುಕು ಡಚ್ಚಿನಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಹಾಡ್ತೀಯಾ ಅಕ್ಕಾ?”

“ಯಾರ ಮುಂದೆ?”

“ಡಚ್ಚರ ಮುಂದೆ.”

“ಅಯ್ಯೋ! ಅವರು ಗೋಡೆ ಥರ ಕೂತಿರ್ತಾರಲ್ಲೇ. ಒಬ್ಬರಾದ್ರೂ ಆಹಾ ಅನ್ನದೇ ಹೋದ್ರೆ ನಾನು ಮುಂದಿನ ಸಾಲಿಗೆ ಹೇಗೆ ಹೋಗ್ಲಿ?”

“ನಾನು ಅವರಿಗೆ ಹೇಳಿಕೊಡ್ತೀನಿ.”

ಅವಳು ಸಕ್ಕರೆ ಸುರಿದ ಚಹಾ ಕೊಟ್ಟಳು. ಬೇಡ ಎಂದೆ, ಮತ್ತೆ ಕೊಟ್ಟಳು, ಬೇಡ ಎಂದೆ, ಗದರಿದಳು, ಕುಡಿದೆ. ಈ ವಿಷಯದಲ್ಲಿ ಅವರೂ ನಾವೂ ಒಂದೇ ಜಾತಿ. ಹಾಡಲು ಒಪ್ಪಿಕೊಂಡಳು. ಈ ದೇಶಕ್ಕೆ ಬಂದಮೇಲೆ ಜನರ ಮುಂದೆ ಹಾಡಿಯೇ ಇಲ್ಲ ಎಂದು ಬಾಗಿಲ ತನಕ ಬಂದು ಹೇಳಿದಳು.

ಆ ಶನಿವಾರ ಬೆಳಿಗ್ಗೆ ಮಗಳನ್ನು ಹಾರ್ಲೆಮಿಗೆ ಬಿಟ್ಟು, ಅಕ್ಕನ ಜೊತೆ ಕಾಪೆಲ್ಲೆಗೆ ಹೋದೆ. ಮೂವತ್ತು ಜನರಿದ್ದರೋ ಏನೋ. ಕಾಫಿ, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕತ್ತು, ಆಮೇಲೆ ಡಬ್ಬಿ ಬಂದ್. ಅಲ್ಲಿಂದಲೇ ಶುರುಮಾಡಿದೆ. ಈಜಿಪ್ಟಿನಲ್ಲಿ ಚಹಾ ಕೊಟ್ಟರೆ ಮೊದಲು ಬೇಡ ಅನ್ನಿ, ಎರಡನೆಯ ಸಲವೂ ಅನ್ನಿ, ಬಿಡದೆ ಕರೆದರೆ ಆಗ ಕುಡಿಯಿರಿ ಎಂದೆ. ಮುಂದಿನ ಸಾಲಿನ ಅಜ್ಜಿ ಗಾಬರಿಯಿಂದ ಕೇಳಿದಳು, “ಎರಡನೇ ಸಲ ಅವರು ಕೇಳದೇ ಹೋದರೆ?” ಎಲ್ಲರೂ ನಕ್ಕರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಯಜಮಾನನೂ ನಕ್ಕ. ನನಗೆ ಜೀವ ಬಂತು. ಪಕ್ಕದ ಕೋಣೆಯಲ್ಲಿ ಅಕ್ಕ ಕಂಜಿರದಂಥ ತನ್ನ ದಫ್‌ನ ಚರ್ಮ ಬಿಗಿಯಾಗಲೆಂದು ಅದನ್ನು ಹೀಟರಿಗೆ ಹಿಡಿದುಕೊಂಡು ಕೂತಿದ್ದಳು.

ಆಮೇಲೆ ಸಂಗೀತದ ಮಾತು ಬಂತು. ಹಾಡು ಕೇಳುವಾಗ ಕೂಗಿ ಎಂದೆ. ಒಬ್ಬ ಮುದುಕ ಕೈ ಎತ್ತಿದ, ಬದುಕಿಡೀ ಸಮುದ್ರಕ್ಕೆ ಒಡ್ಡು ಕಟ್ಟಿದ ಎಂಜಿನಿಯರಂತೆ.

“ಕೂಗಬೇಕು, ಸರಿ ಮೇಡಂ. ಯಾವಾಗ ಕೂಗಬೇಕು?”

“ನಿಮ್ಮ ಮನಸ್ಸಿಗೆ ತಾಗಿದಾಗ.”

“ತಾಗಿತು ಅಂತ ಗೊತ್ತಾಗೋದು ಹೇಗೆ?”

ಹೌದು ಹೌದು ಎಂದು ಉಳಿದವರೂ ತಲೆಯಾಡಿಸಿದರು. ಗೇಲಿ ಮಾಡುತ್ತಿರಲಿಲ್ಲ ಪಾಪ. ಪರದೇಶದಲ್ಲಿ ತಪ್ಪು ಜಾಗದಲ್ಲಿ ಕೂಗಿ ಯಾರ ಮನಸ್ಸಿಗಾದರೂ ನೋವು ಮಾಡಿಬಿಟ್ಟರೆ ಎಂಬ ಹೆದರಿಕೆ ಅವರದು. ಯಜಮಾನ ಗಡಿಯಾರ ನೋಡಿದ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಅಕ್ಕ ಹಾಡಲಿದ್ದ ಹಾಡಿನ ತಾಳ ಎಂಟು ಮಾತ್ರೆಯದು, ನಮ್ಮ ಆದಿತಾಳದ ಹಾಗೆ. ಚಿಕ್ಕಂದಿನಿಂದ ತೊಡೆ ತಟ್ಟಿ ಬೆಳೆದ ಕೈ ತಾನೇ ಎದ್ದಿತು. ತಟ್ಟಿ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ತಟ್ಟಿ, ಬೀಸಿ. ತಟ್ಟಿ, ಬೀಸಿ. “ಎರಡು ಸುತ್ತು ಎಣಿಸಿ, ಕೊನೆಯ ಬೀಸಿಗೆ ಯಾ ಸಲಾಮ್ ಅನ್ನಿ,” ಎಂದುಬಿಟ್ಟೆ. ಎಂತಹ ಖುಷಿ ಅವರಿಗೆ! ಮೂವತ್ತು ಜನ ಬಿಳಿಯರು ತೊಡೆ ತಟ್ಟಿ ಬೆರಳು ಎಣಿಸಿದರು. ಸಂಗೀತ ಸಭೆಗಳಲ್ಲಿ ಮೊದಲ ಸಾಲಿನ ನಮ್ಮ ಮಾವಂದಿರು ಕೂಡ ಅಷ್ಟು ಶ್ರದ್ಧೆಯಿಂದ ತಾಳ ಹಾಕುವುದಿಲ್ಲ.

ಅಕ್ಕ ಬಂದಳು. ಹಸಿರು ಉಡುಪು, ಕಣ್ಣಿಗೆ ಕಾಡಿಗೆ. ದಫ್ ಬಾರಿಸಿ ಮೊದಲ ಸಾಲು ಹಾಡಿದಳು. ಎರಡು ಸುತ್ತು ಮುಗಿಯಿತು, ಮೂವತ್ತು ಬಾಯಿ ಒಂದೇ ಏಟಿಗೆ ‘ಯಾ ಸಲಾಮ್!’ ಎಂದವು. ಅವಳು ಬೆಚ್ಚಿದಳು, ಆಮೇಲೆ ಮುಖ ಅರಳಿತು. ನನ್ನ ಕಡೆ ನೋಡಿ ಅದೇ ಸಾಲನ್ನು ಮತ್ತೆ ಎತ್ತಿಕೊಂಡಳು, ಎಷ್ಟೋ ವರ್ಷ ಒಳಗೆ ಹಿಡಿದಿಟ್ಟದ್ದನ್ನೆಲ್ಲ ಅದರಲ್ಲಿ ಹಾಕಿ. ಮತ್ತೆ ‘ಯಾ ಸಲಾಮ್!’, ಅದೇ ಜಾಗ, ಅದೇ ಸದ್ದು. ಮೂರನೆಯ ಸಲ ಅವಳ ಹುಬ್ಬು ಗಂಟಾಯಿತು.

ಆಮೇಲೆ ದಫ್ ಕೆಳಗಿಟ್ಟಳು. ತಾಳವಿಲ್ಲದೆ, ಬರೀ ‘ಯಾ ಲೇಲ್’ ಎಂಬ ಎರಡು ಮಾತನ್ನು ಹಿಡಿದು ಬೆಳೆಸುವುದು ಅಲ್ಲಿಯ ರೂಢಿ, ನಮ್ಮ ಆಲಾಪನೆಯ ಹಾಗೆ. ಓ ರಾತ್ರಿಯೇ ಎಂದಷ್ಟೇ ಅದರ ಅರ್ಥ. ದನಿ ಮೇಲೇರಿತು. ನಮ್ಮ ಗಾಂಧಾರಕ್ಕೂ ಸಿಕ್ಕದ, ಎರಡು ಸ್ವರಗಳ ನಡುವಿನ ಒಂದು ಸ್ವರದ ಮೇಲೆ ಬಂದು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಈ ಜನ ಮಾತ್ರ ಎಣಿಸುವುದನ್ನು ಬಿಟ್ಟಿರಲಿಲ್ಲ. ತಾಳ ನಿಂತದ್ದು ಅವರಿಗೆ ಗೊತ್ತೇ ಆಗಲಿಲ್ಲ. ತಟ್ಟಿ, ಬೀಸಿ. ಆ ಸ್ವರದ ನೆತ್ತಿಯ ಮೇಲೆ ‘ಯಾ ಸಲಾಮ್!’ ಬಿತ್ತು. ಬೇಡ ಬೇಡ ಎಂದು ನಾನು ಕೈ ಬೀಸಿದೆ. ಅದನ್ನೂ ತಾಳದ ಬೀಸು ಎಂದುಕೊಂಡು ಇನ್ನೊಮ್ಮೆ ಕೂಗಿದರು.

ಅಕ್ಕ ನಿಲ್ಲಿಸಿದಳು. ಉಸಿರು ತೆಗೆದುಕೊಳ್ಳಲು ನಿಂತಳೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

“ಮಗಳೇ, ಇವರು ಯಾಕೆ ನನ್ನ ಆಡಿಕೊಳ್ತಿದ್ದಾರೆ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೋಗಿ ಕುರ್ಚಿಯ ಮೇಲೆ ಕೂತಳು.

ಎಲ್ಲ ಮುಗಿಯಿತು ಎಂದುಕೊಂಡೆ. ಯಜಮಾನ ಹತ್ತಿರ ಬಂದ. ಮುಖವೆಲ್ಲ ನಗು.

“ಬಹಳ ಚೆನ್ನಾಗಿತ್ತು ಮೇಡಂ! ನಮ್ಮ ಜನ ಇಷ್ಟು ಖುಷಿಯಾಗಿ ಸೇರಿಕೊಂಡಿದ್ದು ನಾನು ನೋಡೇ ಇಲ್ಲ. ಇದನ್ನ ಮುಂದುವರಿಸೋಣ. ಒಂದೇ ಮಾತು, ಮುಂದಿನ ಸಲ ಆ ಹೆಂಗಸು ಬೇಡ. ರೆಕಾರ್ಡಿಂಗ್ ಹಾಕಿ. ಅದಾದರೆ ಎಣಿಕೆ ತಪ್ಪೋದಿಲ್ಲ.”

ಅಕ್ಕ ಎರಡು ಹೆಜ್ಜೆ ಆಚೆ ನೀರು ಕುಡಿಯುತ್ತಿದ್ದಳು. ಅಷ್ಟು ಡಚ್ ಅವಳಿಗೆ ಬರುತ್ತಿತ್ತು.

ನಾನು “ಆಗಲಿ” ಎಂದೆ. ಯೋಚನೆ ಮಾಡಲಿಲ್ಲ. ಇವತ್ತು ಕೇಳಿದರೂ ಹಾಗೇ ಹೇಳುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಮಗಳು ಕೈತಪ್ಪಿ ಹೋಗುತ್ತಿರುವಾಗ ಸಂಗೀತದ ಮರ್ಯಾದೆ ಕಾಯುವ ತಾಯಿ ಎಲ್ಲಾದರೂ ಇದ್ದರೆ ಅವಳಿಗೆ ನನ್ನ ನಮಸ್ಕಾರ.

“ಹಾಗಾದರೆ ಕೆಲಸದ ಕರಾರು?” ಎಂದು ಕೇಳಿದೆ.

“ಕರಾರಾ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಇದು ತಿಂಗಳಿಗೆ ಒಂದು ಶನಿವಾರ ಅಷ್ಟೇ ಅಲ್ಲವಾ? ಯಾರಾದರೂ ಆಸಕ್ತಿಗೆ ಮಾಡೋ ಕೆಲಸ. ನೀವು ಬಿಲ್ ಕಳಿಸಿದರೆ ಸಾಕು.”

ಪರವಾನಗಿಗೆ ಪೂರ್ತಿ ಕೆಲಸ ಬೇಕು, ಕಾಯಂ ಸಂಬಳ ಬೇಕು. ಆಸಕ್ತಿಯ ಶನಿವಾರಕ್ಕೆ ಯಾರೂ ಈ ದೇಶದಲ್ಲಿ ಇರಗೊಡುವುದಿಲ್ಲ. ಕೈಗೆ ಬಂದ ತುತ್ತು ಎನ್ನುತ್ತಾರಲ್ಲ, ಅದು ಕೈಗೂ ಬಂದಿರಲಿಲ್ಲ. ನಾನೇ ಬಾಯಿ ತೆರೆದುಕೊಂಡು ಕೂತಿದ್ದೆ.

ವಾಪಸು ಬರುವಾಗ ನೋಡದೆ ಹತ್ತಿದ್ದು ಮಾತಾಡಬಾರದೆಂಬ ಬೋಗಿ. ಕಿಟಕಿಯ ಗಾಜಿನ ಮೇಲೆ ದೊಡ್ಡದಾಗಿ ‘ಸ್ಟಿಲ್ಟೆ’, ಮೌನ, ಎಂದು ಬರೆದಿತ್ತು. ರೈಲು ಹೊರಟದ್ದೇ ಅಕ್ಕ ನನ್ನ ಕಡೆ ತಿರುಗಿದಳು.

“ಬೆರಳು ಎಣಿಸೋದು ಕಲಿಸಿದ್ಯಲ್ಲೇ ಅವರಿಗೆ! ನನ್ನ ಹಾಡಿಗೆ ಬೆರಳು ಎಣಿಸೋದಾ? ಆಮೇಲೆ ನಾನು ಬೇಡ ಅಂದ್ರೆ ಆಗಲಿ ಅಂತೀಯ! ನಿಂಗೆ ನಾಚಿಕೆ ಆಗಲ್ವಾ?”

“ಕೆಲಸ ಸಿಗಲಿಲ್ಲ ಅಕ್ಕಾ,” ಎಂದೆ. “ಅದು ಕೆಲಸವೇ ಅಲ್ಲವಂತೆ. ನಾನು ಹೋಗಬೇಕು. ಮಗಳು ಇಲ್ಲೇ ಇರ್ತಾಳೆ.”

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು, ಸತ್ತ ಮನೆಯಲ್ಲಿ ಅಳುವ ಹಾಗೆ, ದನಿಯೆತ್ತಿ. ನನ್ನನ್ನು ಬೈಯುತ್ತಲೇ ಅತ್ತಳು, ನನ್ನ ತಲೆ ತನ್ನ ತೋಳಿಗೆ ಒತ್ತಿಕೊಂಡು ಅತ್ತಳು. ಎದುರಿಗಿದ್ದವನು ಗಾಜಿನ ಮೇಲಿನ ಅಕ್ಷರಕ್ಕೆ ಬೆರಳು ತೋರಿಸಿದ. “ಹೋಗಯ್ಯ!” ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ಅವನು ಎದ್ದು ಬೇರೆ ಬೋಗಿಗೆ ಹೋದ.

ಮರುದಿನ ಸಂಜೆ ಮಗಳನ್ನು ಕರೆತರಲು ಹಾರ್ಲೆಮಿಗೆ ಹೋದೆ. ನಿಲ್ದಾಣದ ತನಕ ನಡೆಯುತ್ತ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಾಲುವೆಯ ಸೇತುವೆ ಹತ್ತಿದ್ದೆವು. ನಾನು ಶುರುಮಾಡುವ ಮೊದಲೇ ಅವಳು ಡಚ್ಚಿನಲ್ಲಿ ಹೇಳಿದಳು, “ಗೊತ್ತು. ನೀನು ಹೋಗ್ತೀಯ.”

“ಯಾರು ಹೇಳಿದರು? ಅಪ್ಪನಾ?”

“ಯಾರೂ ಹೇಳಲಿಲ್ಲ. ಅಪ್ಪನ ಮನೇಲಿ ನನಗೆ ಮಂಚ ಬಂತಲ್ಲ.”

ಅಲ್ಲಿಯವರೆಗೆ ಅವಳು ಅಲ್ಲಿ ಮಲಗುತ್ತಿದ್ದದ್ದು ಸೋಫಾದ ಮೇಲೆ. ಶನಿವಾರ ಭಾನುವಾರಕ್ಕೆ ಯಾರೂ ಮಂಚ ತರುವುದಿಲ್ಲ.

“ಯಾವಾಗ ಬಂತು?”

“ವಸಂತದ ರಜೆಯಲ್ಲಿ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ.”

ವಸಂತದ ರಜೆಯಲ್ಲಿ ಯಜಮಾನನ ಫೋನೂ ಬಂದಿರಲಿಲ್ಲ. ಆಗಿನಿಂದ ಇವಳು ಡೀಮೆನ್ನಿನಲ್ಲಿ ನನ್ನ ಪಕ್ಕ ಕೂತು ಅನ್ನ ಸಾರು ತಿಂದಿದ್ದಾಳೆ, ನನ್ನ ಅರ್ಜಿಗಳ ಡಚ್ಚನ್ನು ತಿದ್ದಿಕೊಟ್ಟಿದ್ದಾಳೆ. ಏನಾದರೂ ಕೇಳಬೇಕಲ್ಲ ಎಂದು, ಮಂಚ ಚೆನ್ನಾಗಿದೆಯಾ ಎಂದು ಕೇಳಿದೆ.

ಅವಳು ನಿಂತಳು. ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು.

“ದೊಡ್ಡದು ಅಮ್ಮಾ. ಅಪ್ಪ ಚಿಕ್ಕದು ಸಾಕು ಅಂದ್ರು. ನಾನು ಅತ್ತುಬಿಟ್ಟೆ. ನೀನು ಬಂದರೆ ಎಲ್ಲಿ ಮಲಗ್ತೀಯ?”