ನೋಯದ ಕಾಲಿಗೆ ಕೆಂಪು ಬೆಳಕು

ಹೊಸಪೇಟೆಯಲ್ಲಿ ನಮ್ಮ ಮನೆಯ ಕೆಳಗೆ ಮಿರ್ಚಿ ಬಜ್ಜಿ ಮಾಡುತ್ತಿದ್ದ ಅಮ್ಮನೊಬ್ಬರಿದ್ದರು. ದಿನಾ ಬಾಣಲೆಗೆ ಮೊದಲು ಒಂದೇ ಮಿರ್ಚಿ ಬಿಟ್ಟು, ಅದರ ತುದಿ ಮುರಿದು ರುಚಿ ನೋಡಿಯೇ ಉಳಿದವನ್ನು ಕರಿಯುತ್ತಿದ್ದರು. ಎಷ್ಟೇ ಗಿರಾಕಿಗಳು ಕಾದಿದ್ದರೂ, "ತಡೀರಿ, ಮೊದ್ಲ ಒಂದು ನೋಡೂಣು" ಎನ್ನುತ್ತಿದ್ದರು.

ನಿಂತು ನಿಂತು ಅವರ ಬಲ ಮೊಣಕಾಲು ಹಿಡಿದುಕೊಂಡಿತ್ತು. ಅಂಗಡಿ ಮುಚ್ಚಬೇಕಾದೀತೆಂದು ಹೆದರಿದ್ದರು. ಸಂಡೂರಿನಲ್ಲಿದ್ದ ಮಗಳು, ನೋವು ಇಳಿಸಲೆಂದು ಮೊಣಕಾಲಿಗೆ ಸುತ್ತಿಕೊಳ್ಳುವ, ಕೆಂಪು ಬೆಳಕು ಬಿಡುವ ಪಟ್ಟಿಯೊಂದನ್ನು ತಂದುಕೊಟ್ಟಳು. ದಿನಾ ಮಧ್ಯಾಹ್ನ ಅದನ್ನು ಕಟ್ಟಿಕೊಂಡು ಕೂರುತ್ತಿದ್ದರು. ತಿಂಗಳಾದ ಮೇಲೆ ನಾನು ಗಮನಿಸಿದೆ, ಪಟ್ಟಿ ಎಡಗಾಲಿಗಿತ್ತು.

"ಅಮ್ಮಾ, ನೋಯೋದು ಬಲಗಾಲು ಅಲ್ಲೇನ್ರಿ?"

"ಹೌದ್ರಿ. ನೋಯೋ ಕಾಲಿಗೆ ಒಮ್ಮೆಲೆ ಹೆಂಗ ಹಾಕ್ಲಿ? ಮೊದ್ಲ ಚಲೋ ಕಾಲಿಗೆ ಹಾಕಿ ನೋಡಾಕತ್ತೀನಿ." ಆಮೇಲೆ ದನಿ ತಗ್ಗಿಸಿದರು. "ಆದ್ರ ಬಲಗಾಲಿನ ನೋವು ಭಾಳ ಕಡಿಮಿ ಆಗೇತ್ರಿ. ಈಗ ಪಟ್ಟಿ ಆ ಕಾಲಿಗೆ ಹಾಕ್ಲೋ, ಈ ಕಾಲಿಗೇ ಇರ್ಲೋ? ನೀವ ಹೇಳ್ರಿ."

ಇದು ಬೆಳಕಿನ ಗುಣವೋ, ದಿನಾ ಅಷ್ಟು ಹೊತ್ತು ಕೂತದ್ದರ ಗುಣವೋ? ಅವರು ಎದ್ದು ಒಲೆಯತ್ತ ನಡೆದರು. ಯಾವ ಕಾಲು ಎಳೆಯುತ್ತಿದೆ ಎಂದು ನೋಡುತ್ತ ನಿಂತೆ.

"ಗೊತ್ತಾತೇನ್ರಿ?" ಎಂದು ಅವರು ತಿರುಗಿ ಕೇಳಿದರು.

ಎಳೆಯುತ್ತಿರುವುದು ಯಾವ ಕಾಲೆಂದೇ ನನಗೆ ಗೊತ್ತಾಗಿರಲಿಲ್ಲ.